ಚೋರ್ಸು ಬಜಾರಿಗೆ ಖಾಲಿ ಹೊಟ್ಟೆಯಲ್ಲಿ ಹೋಗಿ

ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋದವರು ಚೋರ್ಸು ಬಜಾರಿಗೆ ಹೋಗಿಯೇ ಹೋಗುತ್ತಾರೆ. ಮೊದಲ ದಿನ ನಾನು ಹೋಟೆಲಿನಲ್ಲಿ ಗಡದ್ದಾಗಿ ತಿಂಡಿ ತಿಂದು, ಹನ್ನೊಂದು ಗಂಟೆಗೆ ಹೋಗಿ ಸುಮ್ನೆ ಸುತ್ತಿ ಬಂದೆ. ದಂಡ. ಮರುದಿನ ಬೆಳಿಗ್ಗೆ ಎಂಟಕ್ಕೇ ಹಸಿದುಕೊಂಡು ಹೋದೆ. ನೀವೂ ಹಾಗೇ ಮಾಡಿ.

ದಾರಿ ಸುಲಭ. ಮೆಟ್ರೋದಲ್ಲಿ ಚೋರ್ಸು ಅಂತಲೇ ನಿಲ್ದಾಣವಿದೆ. ಮೇಲೆ ಬಂದರೆ ದೊಡ್ಡ ನೀಲಿ ಗುಮ್ಮಟ. ಅದರೊಳಗೆ ಕೆಳಗಡೆ ಮಾಂಸದ ಅಂಗಡಿಗಳು, ಕುದುರೆ ಮಾಂಸವೂ ಇರುತ್ತದೆ. ನೋಡಲು ಆಗದವರು ಸೀದಾ ಮೆಟ್ಟಿಲು ಹತ್ತಿ. ಮೇಲೆ ಸುತ್ತಲೂ ಒಣದ್ರಾಕ್ಷಿ, ಬಾದಾಮಿ, ಅಕ್ರೋಟ್, ಜರ್ದಾಳು. ರುಚಿ ನೋಡಲು ಅವರೇ ಕರೆದು ಕೊಡುತ್ತಾರೆ. ತಿಂದು ನೋಡದೆ ಕೊಳ್ಳಬೇಡಿ. ದಾರದ ಸುತ್ತ ಹರಳುಗಟ್ಟಿದ ಕಲ್ಲುಸಕ್ಕರೆಯೂ ಸಿಗುತ್ತದೆ, ಅಲ್ಲಿ ಅದರ ಹೆಸರು ನವ್ವೋತ್. ಬಿಳಿ ಗೋಲಿಯಂಥ ಕುರ್ತ್ ಕಂಡರೆ ಸಿಹಿ ಅಂದುಕೊಂಡು ಬಾಯಿಗೆ ಹಾಕಬೇಡಿ. ಅದು ಒಣಗಿಸಿದ ಮೊಸರು, ಸಿಕ್ಕಾಪಟ್ಟೆ ಉಪ್ಪು.

ಆದರೆ ನನ್ನ ಮಟ್ಟಿಗೆ ಚೋರ್ಸು ಅಂದರೆ ರೊಟ್ಟಿಯೇ. ಅವರು ಅದನ್ನು ನೋನ್ ಅನ್ನುತ್ತಾರೆ. ಹಿಟ್ಟನ್ನು ದುಂಡಗೆ ತಟ್ಟಿ, ನಡುವೆ ಮೊಳೆ ಮೊಳೆಯಿರುವ ಅಚ್ಚು ಒತ್ತುತ್ತಾರೆ. ಆ ತೂತುಗಳಿಂದಾಗಿ ನಡುಭಾಗ ಉಬ್ಬದೆ ಗರಿಯಾಗುತ್ತದೆ, ಅಂಚು ಮಾತ್ರ ಮೆತ್ತಗೆ. ಆಮೇಲೆ ರೊಟ್ಟಿ ಮಾಡುವವನು ಸೊಂಟದವರೆಗೂ ತಂದೂರಿಯೊಳಗೆ ಬಗ್ಗಿ ಅದನ್ನು ಗೋಡೆಗೆ ಅಂಟಿಸುತ್ತಾನೆ. ಬಿಸಿ ನೋನ್ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಇಟ್ಟೆ. ಪಕ್ಕದಲ್ಲಿದ್ದ ಅಜ್ಜಿ ಏನೂ ಹೇಳದೆ ಕೈ ಚಾಚಿ ಅದನ್ನು ಮಗುಚಿಟ್ಟರು. ರೊಟ್ಟಿಯನ್ನು ಬೋರಲಾಗಿಡುವುದು ಅಲ್ಲಿ ಅನ್ನಕ್ಕೆ ಮಾಡುವ ಅವಮಾನ.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಪಲಾವಿನಲ್ಲಿ ಮಾಂಸ ಇದ್ದೇ ಇರುತ್ತದೆ. ಸಂಸಾ ನೋಡಲು ನಮ್ಮ ಸಮೋಸಾದ ಅಣ್ಣನಂತಿದ್ದರೂ ಒಳಗೆ ಸಾಮಾನ್ಯವಾಗಿ ಮಾಂಸವೇ. ‘ಗೋಶ್ತ್‌ಸಿಜ್’ ಅಂದರೆ ಮಾಂಸ ಬೇಡ ಎಂದು ಅರ್ಥವಾಗುತ್ತದೆ. ಕುಂಬಳಕಾಯಿ ಸಂಸಾ ಬೇಕಿದ್ದರೆ ‘ಕೊವೊಕ್’ ಅಂತ ಕೇಳಿ. ಕೊರಿಯನ್ ಹೆಂಗಸರು ಮಾರುವ ಖಾರದ ಕ್ಯಾರೆಟ್ ಸಲಾಡ್ ನೋನ್ ಜೊತೆ ಬಲು ರುಚಿ. 1937ರಲ್ಲಿ ಸ್ಟಾಲಿನ್ ರಷ್ಯಾದ ಪೂರ್ವದಂಚಿನಿಂದ ಇತ್ತ ಸಾಗಹಾಕಿಸಿದ ಕೊರಿಯನ್ನರ ಅಡುಗೆ ಅದು. ಇಲ್ಲಿ ಅವರ ಉಪ್ಪಿನಕಾಯಿಯಂಥ ಕಿಮ್ಚಿಗೆ ಬೇಕಾದ ಎಲೆಕೋಸು ಸಿಗದೆ ಕ್ಯಾರೆಟ್ ಹಿಡಿದರಂತೆ.

ಭಾಷೆಗೆ ಹೆದರಬೇಡಿ. ಈರುಳ್ಳಿ ಪಿಯೋಜ್, ದಾಳಿಂಬೆ ಅನೋರ್, ಜೀರಿಗೆ ಜೀರಾ. ಹಿಂದಿ ನೆನಪಲ್ಲಿ ಸಬ್ಜಿ ಕೇಳಿದರೆ ಮಾತ್ರ ಕ್ಯಾರೆಟ್ ಕೊಡುತ್ತಾರೆ! ಹಿಂದಿನಿಂದ ‘ಪೋಶ್ತ್, ಪೋಶ್ತ್’ ಅಂತ ಕೂಗು ಕೇಳಿದರೆ ಪಕ್ಕಕ್ಕೆ ಸರಿಯಿರಿ, ತಳ್ಳುಗಾಡಿ ಬರುತ್ತಿದೆ ಅಂತ. ಸೋಮ್ ನೋಟುಗಳಲ್ಲಿ ಸೊನ್ನೆ ಜಾಸ್ತಿ, 2,00,000ದ ನೋಟೂ ಇದೆ. ಅವಸರದಲ್ಲಿ ಎಣಿಸಬೇಡಿ. ಒಣಹಣ್ಣಿಗೆ ಚೌಕಾಸಿ ಮಾಡಬಹುದು, ರೊಟ್ಟಿಗೆ ಬೇಡ.

ಇನ್ನು ಕೇಸರಿ. ಬುಟ್ಟಿಗಟ್ಟಲೆ ಇಟ್ಟಿರುತ್ತಾರೆ, ಅಗ್ಗ. ನಾನೂ ಒಂದು ದೊಡ್ಡ ಪೊಟ್ಟಣ ಕಟ್ಟಿಸಿಕೊಂಡು ಗದಗಿಗೆ ತಂದೆ. ಅವ್ವ ಬಿಸಿ ಹಾಲಿಗೆ ನಾಲ್ಕು ಎಸಳು ಹಾಕಿದಳು. ಬಣ್ಣ ಬಂತು, ವಾಸನೆ ಬರಲಿಲ್ಲ. ಇನ್ನೊಂದು ಎಸಳನ್ನು ಬೆರಳಲ್ಲಿ ಹೊಸೆದು ನೋಡಿ, ‘ಇದು ಕುಸುಬಿ ಹೂವಲ್ಲೇನೋ? ನಮ್ಮ ಹೊಲದಾಗ ಇರಲಿಲ್ಲೇನು?’ ಅಂದಳು. ಅಲ್ಲಿಂದ ಜೀರಿಗೆ ತನ್ನಿ. ಡಬ್ಬಿ ಮುಚ್ಚಿಟ್ಟರೂ ಅದರ ಘಮ ಹೊರಗೆ ಬರುತ್ತದೆ.