ಜಾನ್ ಡೇ ಊರಿನ ಚೀನೀ ಅಂಗಡಿಯಲ್ಲಿ

ಅಮೆರಿಕದ ಪೋರ್ಟ್‌ಲೆಂಡ್‌ನಿಂದ ಬೆಳಗಿನ ಜಾವ ಹೊರಟು, ಪೂರ್ವ ಆರೆಗಾನ್‌ನ ಒಣಗುಡ್ಡಗಳ ನಡುವೆ ಸುಮಾರು ಐದು ಗಂಟೆ ಕಾರು ಓಡಿಸಿ ಜಾನ್ ಡೇ ಎಂಬ ಪುಟ್ಟ ಊರನ್ನು ತಲುಪಿದೆ. ನಾನು ನೋಡಬಯಸಿದ್ದ ‘ಕಮ್ ವಾ ಚುಂಗ್’ ಎಂಬ ಹಳೆಯ ಚೀನೀ ಅಂಗಡಿ ದೂರಕ್ಕೆ ಕಲ್ಲಿನ ಉಗ್ರಾಣದಂತೆ ಕಂಡಿತು. ಕಿಟಕಿಗಳು ಚಿಕ್ಕವು, ಬಾಗಿಲಿಗೆ ಲೋಹದ ತಗಡಿನ ಹೊದಿಕೆ. ಚೀನೀಯರ ಮೇಲಿನ ದ್ವೇಷ ಬೀದಿಗಿಳಿದಿದ್ದ ಕಾಲದ ಅಂಗಡಿಯದು.

ಇಲ್ಲಿ 1862ರಲ್ಲಿ ಚಿನ್ನ ಸಿಕ್ಕಿದ ಮೇಲೆ ಬಂದ ಚೀನೀ ಕಾರ್ಮಿಕರಿಗಾಗಿ, 1880ರ ದಶಕದ ಕೊನೆಯಲ್ಲಿ ಇಂಗ್ ಹೇ ಮತ್ತು ಲಂಗ್ ಆನ್ ಎಂಬಿಬ್ಬರು ಈ ಅಂಗಡಿಯನ್ನು ವಹಿಸಿಕೊಂಡರು. ಲಂಗ್ ಆನ್ ಇಂಗ್ಲಿಷ್ ಬಲ್ಲ ಚತುರ ವ್ಯಾಪಾರಿ. ಮುಂದೆ ಮೋಟಾರು ಕಾರುಗಳ ವ್ಯವಹಾರಕ್ಕೂ ಕೈಹಾಕಿದವನು. ಇಂಗ್ ಹೇ ನಾಡಿ ಹಿಡಿದು ರೋಗ ಹೇಳುವ ವೈದ್ಯ. ಬಿಳಿಯರೂ ಅವನ ಬಳಿಗೇ ಬರುತ್ತಿದ್ದರು.

ಮಾರ್ಗದರ್ಶಕಿ ಬೀಗ ತೆಗೆದು ನಮ್ಮ ಸಣ್ಣ ಗುಂಪನ್ನು ಒಳಗೆ ಬಿಟ್ಟಾಗ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಐನೂರಕ್ಕೂ ಹೆಚ್ಚು ಬಗೆಯ ಬೇರು, ತೊಗಟೆ, ಒಣಮೂಲಿಕೆಗಳನ್ನು ತುಂಬಿದ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಜೋಡಿಸಿದ್ದವು. ನಮ್ಮ ಊರಿನ ಗ್ರಂಧಿಗೆ ಅಂಗಡಿಯ ಎದುರು ಅಜ್ಜಿಯ ಕೈಹಿಡಿದು ನಿಂತಂತಾಯಿತು. ನಮ್ಮಲ್ಲಿ ಜೀರ್ಣೋದ್ಧಾರವೆಂದರೆ ಕಲ್ಲುಗಂಬಕ್ಕೂ ಎನಾಮಲ್ ಬಣ್ಣ ಬಳಿಯುವುದು. ಇಲ್ಲಿಯೋ ಒಲೆಯ, ಊದುಬತ್ತಿಯ, ತಂಬಾಕಿನ ಹೊಗೆ ದಶಕಗಳ ಕಾಲ ಮೆತ್ತಿದ ಮಸಿ ಗೋಡೆಗಳ ಮೇಲೆ ಹಾಗೆಯೇ ಇತ್ತು. ಅದನ್ನು ಉಜ್ಜಿ ತೆಗೆಯದೆ ಬಿಟ್ಟವರ ಕೈ ಎಷ್ಟು ಸಂಯಮದ್ದು ಎಂದು ನನಗೆ ಅಸೂಯೆಯೇ ಆಯಿತು.

ಮರೆವೂ ಇದಕ್ಕೆ ಉಪಕಾರ ಮಾಡಿದೆ. ಲಂಗ್ ಆನ್ 1940ರಲ್ಲಿ ತೀರಿಕೊಂಡ. 1948ರಲ್ಲಿ ಸೊಂಟದ ಮೂಳೆ ಮುರಿದುಕೊಂಡ ಇಂಗ್ ಹೇ ಪೋರ್ಟ್‌ಲೆಂಡ್‌ಗೆ ಹೋದವನು ತಿರುಗಿ ಬರಲಿಲ್ಲ, 1952ರಲ್ಲಿ ಸತ್ತ. ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಬೇಕೆಂಬ ಷರತ್ತಿನೊಡನೆ ನಗರಾಡಳಿತಕ್ಕೆ ಒಪ್ಪಿಸಲಾಗಿತ್ತಾದರೂ ಊರು ಅದನ್ನು ಮರೆತೇಬಿಟ್ಟಿತು. 1960ರ ದಶಕದ ಕೊನೆಯಲ್ಲಿ ಉದ್ಯಾನಕ್ಕಾಗಿ ಜಾಗವನ್ನು ಅಳೆಯುವಾಗಷ್ಟೇ ಅದು ತಮ್ಮದೆಂದು ತಿಳಿದದ್ದು. ಬಾಗಿಲು ತೆರೆದರೆ ಮಾರಾಟವಾಗದ ಡಬ್ಬಿಗಳು, ಪತ್ರಗಳು, ಔಷಧಿಗಳು ಇದ್ದಲ್ಲೇ ಇದ್ದವು. 1970ರ ದಶಕದಲ್ಲಿ ದುರಸ್ತಿ ನಡೆದು ಅದು ಸಾರ್ವಜನಿಕರಿಗೆ ತೆರೆಯಿತು. 2005ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಮನ್ನಣೆಯೂ ದೊರೆಯಿತು.

ಕೊನೆಗೆ ವೈದ್ಯನ ಕಿರಿದಾದ ಮಲಗುವ ಕೋಣೆ. ರೋಗಿಗಳು ಕೊಟ್ಟ, ಅವನು ಬ್ಯಾಂಕಿಗೆ ಒಯ್ಯದೆಯೇ ಇಟ್ಟುಕೊಂಡ ಇಪ್ಪತ್ತಮೂರು ಸಾವಿರ ಡಾಲರಿಗೂ ಮಿಕ್ಕಿದ ಚೆಕ್ಕುಗಳು ಆ ಮಂಚದ ಕೆಳಗೆ ಸಿಕ್ಕಿದ್ದವು. ಅದನ್ನು ಕೇಳಿದ್ದೇ ತಡ, ಗುಂಪಿನವರೆಲ್ಲ ಒಟ್ಟಿಗೆ ಬಗ್ಗಿ ಮಂಚದಡಿ ಇಣುಕಿದೆವು.