ಗ್ಯಾಲರಿ ನಡೆಸೋರು ಏನು ಓದಿರಬೇಕು?

ದಾವಣಗೆರೆಯಲ್ಲಿ ಒಂದು ಚಿಕ್ಕ ಕಲಾ ಗ್ಯಾಲರಿ ನಡೆಸುವವರಲ್ಲಿ ನಾನೂ ಒಬ್ಬ. ಪ್ರದರ್ಶನ ನೋಡಲು ಬಂದವರು ಚಿತ್ರಗಳಿಗಿಂತ ಜಾಸ್ತಿ ನಮ್ಮ ಬಗ್ಗೆಯೇ ಕೇಳುತ್ತಾರೆ. "ನೀವೆಲ್ಲ ಕಲಾವಿದರಾ ಸರ್? ಏನು ಓದಿದೀರಿ? ಇದನ್ನ ನಡೆಸೋಕೆ ಯಾವ ಕೋರ್ಸ್ ಮಾಡಿರಬೇಕು?" ಕಾಲೇಜು ಹುಡುಗರು ಕುತೂಹಲದಿಂದ ಕೇಳುತ್ತಾರೆ. ಅವರ ಅಪ್ಪ ಅಮ್ಮ ಚಿಂತೆಯಿಂದ ಕೇಳುತ್ತಾರೆ. ಮಗಳು ಬಿವಿಎ, ಅಂದರೆ ದೃಶ್ಯಕಲೆಯ ಪದವಿಗೆ ಸೇರಿದ್ದಾಳೆ, ಮುಂದೇನು ಅನ್ನುವುದು ಅವರ ಯೋಚನೆ. ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದರೆ ನನಗೇ ಸಮಾಧಾನವಾಗುವುದಿಲ್ಲ. ಹಾಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ವಿಷಯ. ನಾವು ಐದು ಜನ. ಚಿತ್ರಕಲೆ ಕಲಿತವರು ಇಬ್ಬರೇ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಇನ್ನೊಬ್ಬಳು ನಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲೇ ಓದಿದ ಹುಡುಗಿ. ಉಳಿದ ಮೂವರಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬರು ಕೆಮಿಸ್ಟ್ರಿ ಲೆಕ್ಚರರ್, ಒಬ್ಬರು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವರು.

ಇದನ್ನು ಕೇಳಿದ ಕೂಡಲೇ ಕೆಲವರಿಗೆ ಸಂಶಯ ಬರುತ್ತದೆ. ಬ್ಯಾಂಕಿನವರಿಗೆ ಕಲೆ ಏನು ಗೊತ್ತು ಅಂತ. ನನ್ನ ಅಭಿಪ್ರಾಯ ಪೂರ್ತಿ ಬೇರೆ. ಐವರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಿ ಅಂದರೆ ನಾನು ಉಳಿಸಿಕೊಳ್ಳುವುದು ಅವರನ್ನೇ.

ಯಾಕೆ ಅನ್ನುವುದು ದಾವಣಗೆರೆಯವರಿಗೆ ಬೇಗ ಅರ್ಥವಾಗುತ್ತದೆ. ರೈತ ಮೆಕ್ಕೆಜೋಳ ತಂದು ಮಂಡಿಯಲ್ಲಿ ಇಳಿಸುತ್ತಾನೆ. ಮಾಲು ಇರುವುದು ದಲಾಲರ ಅಂಗಡಿಯಲ್ಲಿ, ಆದರೆ ಅದು ದಲಾಲರದಲ್ಲ. ಮಾರಾಟ ಆಗುವ ತನಕ ರೈತನದೇ. ಗ್ಯಾಲರಿಯಲ್ಲಿ ನೇತಾಡುವ ಚಿತ್ರವೂ ಹಾಗೇ. ಅದು ಕಲಾವಿದರ ಸ್ವತ್ತು. ಮಾರಾಟವಾದರೆ ಗ್ಯಾಲರಿ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಅವರಿಗೆ ತಲುಪಿಸಬೇಕು. ದೊಡ್ಡ ಊರುಗಳ ಖಾಸಗಿ ಗ್ಯಾಲರಿಗಳಲ್ಲಿ ಈ ಕಮಿಷನ್ ಸಾಮಾನ್ಯವಾಗಿ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇರುತ್ತದೆ. ಇಷ್ಟು ದುಡ್ಡು ಕೈ ಬದಲಾಗುವ ಕಡೆ ಲೆಕ್ಕ ಸರಿ ಇಲ್ಲದಿದ್ದರೆ ಕಲೆ ಗಿಲೆ ಎಲ್ಲ ಸುಮ್ನೆ ಮಾತು.

ನಮ್ಮ ಬ್ಯಾಂಕ್ ಸರ್ ಮೊದಲು ತಂದದ್ದು ಒಂದು ದಪ್ಪ ರಿಜಿಸ್ಟರ್. ಚಿತ್ರ ಒಳಗೆ ಬಂದ ದಿನವೇ ಅದರಲ್ಲಿ ಎಲ್ಲ ಬರೆಯಬೇಕು. ಯಾರದು, ಯಾವ ವರ್ಷದ್ದು, ಎಣ್ಣೆ ಬಣ್ಣವೋ ಜಲವರ್ಣವೋ, ಅಳತೆ ಎಷ್ಟು, ಬೆಲೆ ಎಷ್ಟು. ಬಂದಾಗ ಮೂಲೆ ಮುರಿದಿತ್ತಾ, ಬಣ್ಣ ಎದ್ದಿತ್ತಾ ಅನ್ನುವುದನ್ನೂ ಬರೆದು ಕಲಾವಿದರ ಸಹಿ ಪಡೆಯಬೇಕು. ಮೂಲ ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದಾಗ ಅದನ್ನು ಎಲ್ಲರಿಗೂ ಬಿಡಿಸಿ ಹೇಳಿದವರು ಅವರೇ. ಆದಾಯ ತೆರಿಗೆ ಕಾನೂನು ಚಿತ್ರ, ಶಿಲ್ಪಗಳನ್ನು ಮನೆಬಳಕೆ ಸಾಮಾನು ಅಂತ ನೋಡುವುದಿಲ್ಲ, ಆಸ್ತಿ ಅಂತಲೇ ನೋಡುತ್ತದೆ. ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸಬೇಕಲ್ವಾ?

ನನಗೆ ಈ ರಿಜಿಸ್ಟರಿನ ಮೇಲೆ ಇಷ್ಟು ಅಕ್ಕರೆ ಇರುವುದಕ್ಕೆ ಕಾರಣ ಇದೆ. ಹರೆಯದಲ್ಲಿ ಬೇರೆ ಊರಿನ ಒಂದು ಪ್ರದರ್ಶನಕ್ಕೆ ನನ್ನ ಜಲವರ್ಣ ಚಿತ್ರಗಳನ್ನು ಕಳಿಸಿದ್ದೆ. ವಾಪಸ್ ಬರಲೇ ಇಲ್ಲ. ಹೋಗಿ ಕೇಳಿದರೆ ಯಾರ ಹತ್ತಿರವೂ ಪಟ್ಟಿ ಇರಲಿಲ್ಲ. ನಡೆಸುತ್ತಿದ್ದವರೆಲ್ಲ ಒಳ್ಳೆಯ ಕಲಾವಿದರು, ಒಳ್ಳೆಯ ಜನ ಕೂಡ. ಬರೆದಿಡುವ ಒಬ್ಬರು ಅಲ್ಲಿ ಇರಲಿಲ್ಲ, ಅಷ್ಟೇ. ಆ ಚಿತ್ರಗಳ ನೋವು ಇವತ್ತಿಗೂ ನನ್ನಲ್ಲಿದೆ.

ಲೆಕ್ಕದ ಮನುಷ್ಯರು ಕಲೆಗೆ ಎಷ್ಟು ದೊಡ್ಡ ಕೆಲಸ ಮಾಡಿದ್ದಾರೆ ಅನ್ನುವುದಕ್ಕೆ ಚರಿತ್ರೆಯಲ್ಲೂ ಉದಾಹರಣೆ ಇದೆ. ಪ್ಯಾರಿಸ್‌ನಲ್ಲಿ ಪಿಕಾಸೊ, ಬ್ರಾಕ್ ಅವರ ಚಿತ್ರಗಳನ್ನು ಕೊಂಡು ಬೆನ್ನಿಗೆ ನಿಂತ ಕಾನ್ವೈಲರ್ ಬ್ಯಾಂಕಿನ ಕೆಲಸಕ್ಕೆ ತಯಾರಾಗಿದ್ದವರು. 1907ರಲ್ಲಿ ಪುಟ್ಟ ಗ್ಯಾಲರಿ ತೆರೆದರು. ಕಲಾವಿದರ ಜೊತೆ ಲಿಖಿತ ಕರಾರು ಮಾಡಿಕೊಂಡರು. ನ್ಯೂಯಾರ್ಕಿನ ಲಿಯೊ ಕ್ಯಾಸ್ಟೆಲಿ ಕಾನೂನು ಓದಿ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡಿದವರು. 1957ರಲ್ಲಿ ತಮ್ಮ ಮನೆಯಲ್ಲೇ ಗ್ಯಾಲರಿ ಶುರು ಮಾಡಿದರು. ಚಿತ್ರ ಮಾರಾಟವಾಗಲಿ ಬಿಡಲಿ, ತಮ್ಮ ಕಲಾವಿದರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. ಬಾಡಿಗೆ ಕಟ್ಟುವ ಚಿಂತೆ ಇಲ್ಲದೆ ಚಿತ್ರ ಬರೆಯುವುದು ಎಂಥ ನೆಮ್ಮದಿ ಅಂತ ಬರೆಯುವವರಿಗೇ ಗೊತ್ತು.

ಕಟ್ಟು ಹಾಕುವ ಅಣ್ಣನ ಬಗ್ಗೆ ಕೇಳಿದವರಿಗೆ ನಾನು ಮುಂಬೈನ ಕೇಕೂ ಗಾಂಧಿಯವರ ಕಥೆ ಹೇಳುತ್ತೇನೆ. 1941ರಲ್ಲಿ ಅವರು ಶುರು ಮಾಡಿದ್ದು ಕೆಮೋಲ್ಡ್ ಅನ್ನುವ ಫ್ರೇಮ್ ವ್ಯಾಪಾರ. ಹೆಸರಾಗುವ ಮುಂಚೆಯೇ ಅರಾ, ಹುಸೇನ್ ಥರದ ಕಲಾವಿದರ ಚಿತ್ರಗಳು ಆ ಅಂಗಡಿಯಲ್ಲಿ ಜನರ ಕಣ್ಣಿಗೆ ಬಿದ್ದವು. 1963ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಮೊದಲ ಮಹಡಿಯಲ್ಲಿ ಗ್ಯಾಲರಿ ಕೆಮೋಲ್ಡ್ ತೆರೆಯಿತು. ಭಾರತದ ಆಧುನಿಕ ಕಲೆಗೆ ಅಷ್ಟು ಮಾಡಿದವರು ಬಂದದ್ದು ಫ್ರೇಮ್ ಅಂಗಡಿಯಿಂದ.

ನಮ್ಮ ಅಣ್ಣ ದೇವರ ಫೋಟೋ, ಮದುವೆ ಫೋಟೋಗಳಿಗೆ ಕಟ್ಟು ಹಾಕುತ್ತಾ ಬೆಳೆದವರು. ಗಾಜು ಚಿತ್ರಕ್ಕೆ ತಾಗಬಾರದು, ಮಳೆಗಾಲದಲ್ಲಿ ತೇವ ಕೂತು ಬಣ್ಣ ಗಾಜಿಗೆ ಅಂಟುತ್ತದೆ ಅನ್ನುವುದು ಅವರಿಗೆ ಯಾವ ಪುಸ್ತಕ ಓದದೆಯೂ ಗೊತ್ತಿತ್ತು. ಫ್ರೇಮಿನ ಹಿಂದೆ ಕೆಳಗಡೆ ಎರಡು ಕಾರ್ಕ್ ತುಂಡು ಅಂಟಿಸುತ್ತಾರೆ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಬೇಕು ಅಂತ. ಎಲ್ಲ ಚಿತ್ರಗಳ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವ ಹಾಗೆ ದಾರ ಹಿಡಿದು ಮೊಳೆ ಹೊಡೆಯುತ್ತಾರೆ. ನೋಡುವವರ ಕಣ್ಣಿಗೆ ಸರಿಯಾಗಿ ಸಿಗುವ ಎತ್ತರ ಅದು.

ಕೆಮಿಸ್ಟ್ರಿ ಮೇಡಂ ಬಂದ ಮೇಲೆ ಈ ಅನುಭವಕ್ಕೆಲ್ಲ ಕಾರಣ ಗೊತ್ತಾಯಿತು. ಅಗ್ಗದ ರಟ್ಟಿನಲ್ಲಿ ಆಮ್ಲ ಇರುತ್ತದೆ, ಅದು ನಿಧಾನಕ್ಕೆ ಚಿತ್ರದ ಕಾಗದವನ್ನು ಕಂದು ಮಾಡಿ ಪುಡಿ ಮಾಡುತ್ತದೆ. ಅದಕ್ಕೇ ಚಿತ್ರದ ಸುತ್ತ, ಹಿಂದೆ ಇಡುವ ರಟ್ಟು, ಅಂದರೆ ಮೌಂಟ್ ಬೋರ್ಡ್, ಆಮ್ಲ ಇಲ್ಲದ್ದೇ ಬೇಕು. ಸೆಲ್ಲೋಟೇಪ್ ಅಂತೂ ಕೂಡದು, ಅದರ ಅಂಟು ಬಿಟ್ಟ ಕಲೆ ತೆಗೆಯುವುದು ಬಹಳ ಕಷ್ಟ. ಬೆಳಕಿನ ವಿಷಯದಲ್ಲಿ ಅವರು ತುಂಬಾ ಕಟ್ಟುನಿಟ್ಟು. ಬೆಳಕು ಎಷ್ಟು ಬೀಳುತ್ತದೆ ಅನ್ನುವುದನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಜಲವರ್ಣ ಮತ್ತು ಕಾಗದದ ಕೆಲಸಕ್ಕೆ 50 ಲಕ್ಸ್, ಎಣ್ಣೆ ಬಣ್ಣಕ್ಕೆ 200 ಲಕ್ಸ್. ಇದು ಮ್ಯೂಸಿಯಂಗಳು ಪಾಲಿಸುವ ಅಳತೆ. ಬೆಳಕಿನಿಂದ ಒಮ್ಮೆ ಮಾಸಿದ ಬಣ್ಣ ಮತ್ತೆ ಮೊದಲಿನಂತೆ ಆಗುವುದಿಲ್ಲ, ಹಾನಿ ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಹಾಗಾಗಿ ನಮ್ಮ ಪಶ್ಚಿಮದ ಕಿಟಕಿಗೆ ಯಾವಾಗಲೂ ಪರದೆ. ಬಂದವರು "ಸ್ವಲ್ಪ ಕತ್ತಲು ಅನ್ಸುತ್ತೆ ಸರ್" ಅಂದಾಗ ನಾವು ಇದನ್ನೇ ಹೇಳುತ್ತೇವೆ. ವಿಜ್ಞಾನ ಓದುವ ಮಕ್ಕಳು ಇದನ್ನು ಗಮನಿಸಬೇಕು. ಕಲಾಕೃತಿಗಳ ಸಂರಕ್ಷಣೆ ಅನ್ನುವುದು ದೊಡ್ಡ ವೃತ್ತಿ. ಲಕ್ನೋದಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ಪ್ರಯೋಗಾಲಯ ಇದೆ, ಅದರ ಶಾಖೆ ನಮ್ಮ ಮೈಸೂರಿನಲ್ಲೂ ಇದೆ.

ಹಾಗಾದರೆ ಕಲೆ ಓದಿದವರು ಬೇಡವಾ? ಖಂಡಿತ ಬೇಕು. ಯಾವ ಚಿತ್ರ ಗೋಡೆಗೆ ಹೋಗಬೇಕು, ಯಾವುದರ ಪಕ್ಕ ಯಾವುದು ಇರಬೇಕು ಅನ್ನುವುದನ್ನು ನಮ್ಮಲ್ಲಿ ತೀರ್ಮಾನಿಸುವುದು ಆ ಹುಡುಗಿಯೇ. ವರ್ಷಗಟ್ಟಲೆ ಚಿತ್ರ ಬರೆದು, ಚಿತ್ರ ನೋಡಿ, ಕಲಾ ಇತಿಹಾಸ ಓದಿ ಬಂದ ಕಣ್ಣು ಅದು. ಒಬ್ಬ ಹೊಸ ಹುಡುಗನ ಹತ್ತು ಚಿತ್ರಗಳಲ್ಲಿ ಎಂಟು ಬೇರೆಯವರ ನೆರಳು, ಎರಡು ಮಾತ್ರ ಅವನದೇ ಅಂತ ಅವಳು ಗುರುತಿಸುತ್ತಾಳೆ. ಬ್ಯಾಂಕ್ ಸರ್‌ಗಾಗಲಿ ಅಣ್ಣನಿಗಾಗಲಿ ಅದು ಬರುವುದಿಲ್ಲ. ದಾವಣಗೆರೆಯಲ್ಲಿ ದಶಕಗಳಿಂದ ಕಲಾ ಕಾಲೇಜು ಇರುವುದರಿಂದಲೇ ಇಂಥವರು ನಮಗೆ ಊರಲ್ಲೇ ಸಿಗುತ್ತಾರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯವರೇ ಆದ ಪಿ.ಆರ್. ತಿಪ್ಪೇಸ್ವಾಮಿ ಒಳ್ಳೆಯ ಚಿತ್ರಕಾರರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟುವುದರಲ್ಲಿ ಅವರ ಪಾಲು ದೊಡ್ಡದು. ಚಿತ್ರಕಾರನ ಕಣ್ಣು ಸಂಗ್ರಹಕ್ಕೂ ಎಷ್ಟು ಬೇಕು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ನನ್ನ ಆಸೆ ಇಷ್ಟೇ. ಕಲೆ ಓದಿದವರು, ಬೇರೆ ಕಡೆಯಿಂದ ಬಂದವರು ಇಬ್ಬರೂ ಒಟ್ಟಿಗೆ ಇರಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು 1960ರಲ್ಲಿ ಕಟ್ಟಲು ಹೊರಟ ಎಂ.ಎಸ್. ನಂಜುಂಡರಾವ್ ಕಲಾವಿದರು. ಮುಂದೆ ತಮ್ಮ ಅಮೂಲ್ಯ ಸಂಗ್ರಹವನ್ನು ಅದಕ್ಕೆ ಕೊಟ್ಟ ಎಚ್.ಕೆ. ಕೇಜ್ರಿವಾಲ್ ಉದ್ಯಮಿ. ದೆಹಲಿಯಲ್ಲಿ 1977ರಲ್ಲಿ ಆರ್ಟ್ ಹೆರಿಟೇಜ್ ಗ್ಯಾಲರಿ ತೆರೆದ ಇಬ್ರಾಹಿಂ ಅಲ್ಕಾಜಿ, ರೋಷನ್ ಅಲ್ಕಾಜಿ ದಂಪತಿ ರಂಗಭೂಮಿಯವರು. ಇಬ್ರಾಹಿಂ ನಾಟಕ ನಿರ್ದೇಶಕರು, ರೋಷನ್ ವಸ್ತ್ರವಿನ್ಯಾಸ ಮಾಡುತ್ತಿದ್ದವರು.

ನಮ್ಮಲ್ಲಿ ಒಂದು ನಿಯಮ ಇದೆ, ಅದನ್ನು ಬಿಡುವುದಿಲ್ಲ. ಗ್ಯಾಲರಿ ನಡೆಸುವವರ ಚಿತ್ರ ನಮ್ಮ ಗೋಡೆಯ ಮೇಲೆ ಹಾಕುವುದಿಲ್ಲ. ನಾನು ಈಗಲೂ ಚಿತ್ರ ಬರೆಯುತ್ತೇನೆ, ಬೇರೆ ಕಡೆ ತೋರಿಸುತ್ತೇನೆ. ಆಯ್ಕೆ ಮಾಡುವ ಕುರ್ಚಿಯಲ್ಲಿ ಕೂತು ನಮ್ಮನ್ನೇ ಆಯ್ಕೆ ಮಾಡಿಕೊಂಡರೆ ಹೊಸಬರು ನಂಬುವುದು ಹೇಗೆ?

ಕಾನೂನಿಗೆ ಪರಿಚಯದ ವಕೀಲರೊಬ್ಬರಿದ್ದಾರೆ, ಬೇಕಾದಾಗ ಬರುತ್ತಾರೆ. ಚಿತ್ರ ಕೊಂಡವರಿಗೆ ಸಿಗುವುದು ಆ ಕ್ಯಾನ್ವಾಸ್ ಮಾತ್ರ, ಬರವಣಿಗೆಯಲ್ಲಿ ಬಿಟ್ಟುಕೊಡದಿದ್ದರೆ ಕಾಪಿರೈಟ್ ಕಲಾವಿದರದೇ ಅನ್ನುವುದನ್ನು ನಮ್ಮ ರಸೀದಿಯ ಹಿಂದೆ ಅಚ್ಚು ಹಾಕಿಸಿದವರು ಅವರು.

ಓದಲೇಬೇಕು ಅನ್ನುವ ಮಕ್ಕಳಿಗೆ: ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ 1952ರಿಂದ ಮ್ಯೂಸಿಯಾಲಜಿ, ಅಂದರೆ ವಸ್ತುಸಂಗ್ರಹಾಲಯ ನಡೆಸುವ ವಿದ್ಯೆ ಕಲಿಸುತ್ತಾರೆ. ದೆಹಲಿಯಲ್ಲಿ ಶುರುವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಅನ್ನುವ ಹೆಸರಿನಲ್ಲಿ ನೊಯ್ಡಾದಲ್ಲಿದೆ, ಕಲಾ ಇತಿಹಾಸ ಮತ್ತು ಸಂರಕ್ಷಣೆಯ ಓದಿಗೆ ಅದು ಒಳ್ಳೆಯ ಜಾಗ. ಬಿವಿಎ ಮಾಡುತ್ತಿರುವವರು ರಜೆಯಲ್ಲಿ ಒಂದು ಕಟ್ಟು ಹಾಕುವ ಅಂಗಡಿಯಲ್ಲಿ ಕೂತು ಕೆಲಸ ಕಲಿಯಿರಿ, ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿ ಕಲಿಯಿರಿ. ಬಿಕಾಂ ಮಾಡುತ್ತಿರುವವರು ಪ್ರದರ್ಶನಗಳಿಗೆ ಬನ್ನಿ, ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಬೆಳಗಿನಿಂದ ಸಂಜೆವರೆಗೆ ಸುಮ್ಮನೆ ನೋಡಿ. ತಂದೆ ತಾಯಂದಿರಿಗೂ ಒಂದು ಮಾತು. ಗ್ಯಾಲರಿ ಕೆಲಸ ಅಂದರೆ ಒಂದೇ ಕೆಲಸ ಅಲ್ಲ, ಮಗಳು ಕಲಾವಿದೆಯಾಗದಿದ್ದರೂ ಅವಳ ಓದಿಗೆ ಇಲ್ಲಿ ಜಾಗ ಇದೆ.

ಈಗ ನಮ್ಮಲ್ಲಿ ಕೊರತೆ ಇರುವುದು ಬರೆಯುವವರದು. ಚಿತ್ರದ ಪಕ್ಕ ಹಾಕುವ ನಾಲ್ಕು ಸಾಲಿನ ವಿವರವನ್ನು ಯಾರಿಗೂ ಅರ್ಥವಾಗದ ದೊಡ್ಡ ಪದಗಳಿಲ್ಲದೆ, ತಿಳಿಯಾದ ಕನ್ನಡದಲ್ಲಿ ಬರೆಯಬಲ್ಲವರು ಬೇಕು. ಪತ್ರಿಕೆಯಲ್ಲಿ ಕೆಲಸ ಮಾಡಿದವರು, ಕನ್ನಡ ಎಂಎ ಮಾಡಿದವರು ಇದನ್ನು ಓದುತ್ತಿದ್ದರೆ ಮುಂದಿನ ಪ್ರದರ್ಶನಕ್ಕೆ ಬನ್ನಿ. ಯಾವುದಾದರೂ ಒಂದು ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದು ಕೊಡಿ. ಚೆನ್ನಾಗಿದ್ದರೆ ಅವತ್ತೇ ಗೋಡೆಗೆ ಹಾಕುತ್ತೇವೆ.