ಕಾಗೆ ಅದೇ, ಕಾಡು ಬೇರೆ ಆಯ್ತು

ನಾನು ಬರೀತಿದ್ದ ದೇವರಾಯನದುರ್ಗದ ಕಾಡಿನ ಚಿತ್ರ ಕೊನೆಗೂ ದಾರಿಗೆ ಬಂತು ಕಣ್ರೀ! ಸ್ಕೆಚ್, ಮೊದಲ ಪದರದ ಅಂಡರ್‌ಪೇಂಟಿಂಗ್ ಎಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಟು ಇಷ್ಟು ದಿನ ತಲೆ ತಿಂದ ವಿಷಯಕ್ಕೆ ಬರ್ತೀನಿ, ಅದೇ ಮೂಡ್.

ನನಗೆ ಬೇಕಿದ್ದಿದ್ದು ಹೊತ್ತು ಮುಳುಗೋವಾಗ ಆ ಕಾಡಲ್ಲಿ ಎದೆ ಒಂಚೂರು ಭಾರ ಆಗುತ್ತಲ್ಲ, ಅದು. ಕ್ಯಾನ್ವಾಸ್ ಮೇಲೆ ಮಾತ್ರ ದೇವರ ಕ್ಯಾಲೆಂಡರಿನ ಪ್ರಸನ್ನ ಕಾಡು. ಮುತ್ತುಗದ ಹೂವಿನ ಕೇಸರಿ ತಗ್ಗಿಸ್ದೆ, ಮರದ ಮೋಟಿನ ಮೇಲೆ ಕಾಗೆ ಕೂರಿಸ್ದೆ. ಅಮ್ಮ ನೋಡಿ "ಯಾರೋ ನೆಂಟರು ಬರೋ ಹಾಗಿದೆಯಲ್ಲೋ" ಅಂದ್ರು.

ಕಾಗೆ ಐಡಿಯಾ ಸಿಕ್ಕಿದ್ದು ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1814ರಲ್ಲಿ ಬರೆದ ಚಿತ್ರದಿಂದ. ಹಿಮ ಬಿದ್ದ ಕಾಡು, ಒಬ್ಬನೇ ಫ್ರೆಂಚ್ ಸೈನಿಕ ನಮಗೆ ಬೆನ್ನು ಹಾಕಿ ನಿಂತಿದಾನೆ, ಎದುರಿಗೆ ಎತ್ತರದ ಫರ್ ಮರಗಳು, ಈಚೆ ಮೋಟಿನ ಮೇಲೆ ರೇವನ್, ನಮ್ಮ ಕಾಗೆಗಿಂತ ದೊಡ್ಡ ಜಾತಿ. ನೆಪೋಲಿಯನ್ ಸೈನ್ಯ ಸೋತು ಹಿಂದೆ ಸರಿದ ಕಾಲ ಅದು, ಹಾಗಾಗಿ ಹಕ್ಕಿ ಅಂದ್ರೆ ಸಾವು, ಎಲೆ ಉದುರಿಸದ ಆ ಮರಗಳು ಅಂದ್ರೆ ಜರ್ಮನಿ ಅಂತ ಅರ್ಥ ಮಾಡ್ತಾರೆ. ನಮ್ಮಲ್ಲಿ ಕಾಗೆ ನೆಂಟರ ಸುದ್ದಿನೂ ತರುತ್ತೆ, ಪಿತೃಪಕ್ಷದಲ್ಲಿ ಎಡೆಗೂ ಬರುತ್ತೆ. ಯಾವುದು ಅಂತ ಹೇಳಬೇಕಾಗಿದ್ದು ಸುತ್ತಲ ಕಾಡು.

ಫ್ರೀಡ್ರಿಕ್ ಚಿತ್ರವನ್ನ ಮತ್ತೆ ನೋಡ್ತಾ ಕೂತಾಗ ಬೆಳಕು ಕಣ್ಣಿಗೆ ಬಿತ್ತು. ಬೆಳಕೆಲ್ಲ ನಮ್ಮ ಕಡೆ ಹಿಮದ ಮೇಲಿದೆ, ಸೈನಿಕ ಹೋಗಬೇಕಾದ ಕಡೆ ಕತ್ತಲು. ನನ್ನದರಲ್ಲಿ ದಾರಿ ಕೊನೇಲಿ ಚಿನ್ನದ ಬೆಳಕು, ಕಣ್ಣು ಸೀದಾ ಅಲ್ಲಿಗೆ ಹೋಗಿ ನಿರಾಳ ಆಗ್ಬಿಡ್ತಿತ್ತು.

ಸರಿ, ಹಿಂದೆಲ್ಲ ಮುಚ್ಚೋಣ ಅಂದ್ರೆ ಟ್ಯೂಬಿನ ಕಪ್ಪು ಸತ್ತ ಕಪ್ಪು, ಹಸಿರು ಬಣ್ಣದ ವಿರಿಡಿಯನ್‌ಗೆ ಕಡುಗೆಂಪು ಅಲಿಜರಿನ್ ಕ್ರಿಮ್ಸನ್ ಬೆರೆಸಿದ್ರೇ ಉಸಿರಾಡೋ ಕತ್ತಲು. ವಿರಿಡಿಯನ್ ಆರ್ಡರ್ ಮಾಡಿದ್ರೆ ಬಂದ ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿ 'ಹ್ಯೂ', ಅಂದ್ರೆ ಅದೇ ಬಣ್ಣದ ನಕಲು, ಹಿಂದೆ ತಿರುಗಿಸಿದ್ರೆ ಬಣ್ಣದ ಪುಡಿಯ ಕೋಡ್ ಪಿಜಿ 7, ಅಂದ್ರೆ ಥ್ಯಾಲೋ ಅನ್ನೋ ಬೇರೆ ಹಸಿರು! ಅಸಲಿ ವಿರಿಡಿಯನ್ ಪಿಜಿ 18. ಥ್ಯಾಲೋ ಸಾಸಿವೆಯಷ್ಟು ತಾಗಿದ್ರೂ ಇಡೀ ಪ್ಯಾಲೆಟ್ ನುಂಗುತ್ತೆ. ಮಾರಿದವರಿಗೆ ಫೋನ್ ಮಾಡಿದ್ರೆ "ಕಲರ್ ಒಂದೇ ಅಲ್ವಾ ಸಾರ್" ಅಂತಾರೆ, ಹೊಟ್ಟೆ ಉರಿಯಲ್ವಾ ಹೇಳಿ. ಆಮೇಲೆ ಬೆಂಗಳೂರಿಗೆ ಹೋಗಿದ್ದ ಗೆಳೆಯನ ಕೈಲಿ ಅಸಲಿದು ತರಿಸ್ಕೊಂಡೆ.

ದಾರಿ ಕೊನೆ ಮುಚ್ಚಿದೆ, ಬೆಳಕನ್ನ ಕಾಲಬುಡದ ತರಗೆಲೆ ಮೇಲೆ ಎಳ್ಕೊಂಡೆ, ಯೆಲ್ಲೋ ಓಕರ್‌ಗೆ ಚೂರು ಬಿಳಿ, ನಡುವೆ ಬಾಡಿದ ಮುತ್ತುಗದ ಹೂ. ಕಾಗೆನ ಮುಟ್ಟಲೇ ಇಲ್ಲ. ಅಮ್ಮ ಈ ಸಲ ಸುಮಾರು ಹೊತ್ತು ನಿಂತು "ಯಾರಿಗೋ ಎಡೆ ಇಟ್ಟಿರೋದು ಅಲ್ಲಿ?" ಅಂದ್ರು. ಎಡೆ ನಾನು ಬರೆದೇ ಇಲ್ಲ!

ಮುಂದಿನದು ಹುಣಸೆ ತೋಪು. ಹುಣಸೆ ಮರ ಅಂದ್ರೆ ದೆವ್ವ ಅಂತ ಎಲ್ಲರ ತಲೇಲೂ ಕೂತಿದೆ, ಆದ್ರೆ ನಮ್ಮ ತುಮಕೂರು ಕಡೆ ಅದು ಮನೆ ನಡೆಸೋ ಮರ. ಹಣ್ಣು ಬಡಿಯೋರು, ಆಯ್ಕೊಳ್ಳೋರು, ಸುಡುಬಿಸಿಲು, ಆ ಕರೀ ಕಾಂಡದ ಕೆಳಗೇ ಗಲಾಟೆ ಸಂತೋಷ ತರಬೇಕು. ನೆರಳಿಗೆ ನೀಲಿ ಅಲ್ಟ್ರಾಮರೀನ್ ಜೊತೆ ಕೆಂಪು-ಕಂದಿನ ಬರ್ನ್ಟ್ ಸಿಯೆನಾ ಸಾಕು ಅನ್ಸುತ್ತೆ, ಯಾರಾದ್ರೂ ಟ್ರೈ ಮಾಡಿದ್ರೆ ಹೇಳಿ.